ಎಲೆಕ್ಟ್ರಿಕ್ ಬೋಟ್ ಕೊಳ್ಳುವ ಮೊದಲು ದೋಣಿಯ ತಳ ನೋಡಿ

ಪ್ರಶ್ನೆ: ನಾನು ಉಡುಪಿ ಕಡೆಯವಳು. ಆರು ವರ್ಷದಿಂದ ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದ ಶಾಲೆಯಲ್ಲಿ ಗಣಿತದ ಟೀಚರ್. ದ್ವೀಪದ ಉದ್ದ ಒಂದೂವರೆ ಕಿಲೋಮೀಟರ್ ಇರಬಹುದು, ಅಷ್ಟೇ. ಅಕ್ಕಿ, ತರಕಾರಿ, ಗ್ಯಾಸ್, ಔಷಧ ಎಲ್ಲವೂ ದೋಣಿಯಲ್ಲೇ ಬರಬೇಕು. ಡೀಸೆಲ್ ರೇಟು ಏರಿದರೆ ಟೊಮೆಟೊ ರೇಟೂ ಏರುತ್ತದೆ. ಈಗ ದ್ವೀಪದ ಕೌನ್ಸಿಲ್‌ನವರು ಸಾರಿಗೆಯ ಇಂಧನ ಉಳಿಸೋಕೆ ಒಂದು ಸಮಿತಿ ಮಾಡಿದ್ದಾರೆ. ಲೆಕ್ಕ ಗೊತ್ತಿರುವವಳು ಅಂತ ನನ್ನನ್ನೂ ಸೇರಿಸಿದ್ದಾರೆ. ಎಲ್ಲರ ಬಾಯಲ್ಲೂ ಎಲೆಕ್ಟ್ರಿಕ್ ಬೋಟ್, ಸೋಲಾರ್ ಬೋಟ್ ಮಾತೇ. ಕೈಯಲ್ಲಿರುವುದು ಸ್ವಲ್ಪ ದುಡ್ಡು. ಮೊದಲು ಏನು ಮಾಡಬೇಕು ಸರ್?

ಉತ್ತರ:

ಟೀಚರ್, ಆ ದುಡ್ಡನ್ನು ಸದ್ಯಕ್ಕೆ ಹಾಗೇ ಇಡಿ. ಮೊದಲ ಮೂರು ತಿಂಗಳಿಗೆ ನಿಮಗೆ ಬೇಕಾದದ್ದು ಒಂದು ನೋಟ್‌ಬುಕ್, ಟ್ಯಾಂಕಿಗೆ ಇಳಿಸುವ ಒಂದು ಅಳತೆಕೋಲು, ಮತ್ತೆ ದೋಣಿ ನಡೆಸುವವರ ಸಹಕಾರ. ಎಲೆಕ್ಟ್ರಿಕ್ ಬೋಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದರ ಸರದಿ ಬರುತ್ತದೆ. ಆದರೆ ದೋಣಿ ಎಷ್ಟು ಇಂಧನ ತಿನ್ನುತ್ತದೆ ಅನ್ನುವುದನ್ನು ಇಂಜಿನ್‌ಗಿಂತ ಮೊದಲು ಅದರ ವೇಗ, ಅದರ ತಳ, ಅದರ ಹೊರೆ ತೀರ್ಮಾನಿಸುತ್ತವೆ. ಈ ಮೂರನ್ನು ಸರಿ ಮಾಡದೆ ಬ್ಯಾಟರಿ ಹಾಕಿದರೆ, ಸೋರುವ ಕೊಡಕ್ಕೆ ದುಬಾರಿ ನೀರು ತುಂಬಿದ ಹಾಗೆ.

ಮಾಲ್ಡೀವ್ಸ್‌ನ ಕಷ್ಟ ಎಲ್ಲಿದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬೇರೆ ಓದುಗರಿಗಾಗಿ ಎರಡು ಸಾಲು. ಸುಮಾರು 1,190 ದ್ವೀಪಗಳು, ಅದರಲ್ಲಿ ಜನ ಇರುವುದು ಹೆಚ್ಚುಕಡಿಮೆ 190ರಲ್ಲಿ. ಎಲ್ಲ ನೆಲ ಸೇರಿಸಿದರೂ ಸುಮಾರು 300 ಚದರ ಕಿಲೋಮೀಟರ್. ಅಂದರೆ ಬೆಂಗಳೂರು ನಗರದ ಅರ್ಧಕ್ಕಿಂತಲೂ ಕಡಿಮೆ. ಆ ಇಷ್ಟು ನೆಲ ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರ್‌ಗಿಂತ ಜಾಸ್ತಿ ಉದ್ದಕ್ಕೆ ಚೆಲ್ಲಿಕೊಂಡಿದೆ. ತೈಲದ ಒಂದು ಹನಿಯೂ ಅಲ್ಲಿ ಸಿಗುವುದಿಲ್ಲ. ಹೊರಗಿನಿಂದ ಬರುವ ಡೀಸೆಲ್ಲನ್ನು ಒಂದೊಂದು ದ್ವೀಪದ ಪವರ್‌ಹೌಸ್‌ಗೆ ಮುಟ್ಟಿಸುವುದಕ್ಕೂ ಡೀಸೆಲ್ ಸುಡಬೇಕು.

ಒಂದು ಮಾತು ನೀವು ಗಮನಿಸಿರುತ್ತೀರಿ. ಅಲ್ಲಿಯವರ ‘ದೋನಿ’ಯೂ ನಮ್ಮ ದೋಣಿಯೂ ಒಂದೇ ಪದ. ಆ ದೋಣಿಗಳು ಹಾಯಿ ಬಿಟ್ಟು ಇಂಜಿನ್‌ಗೆ ಬಂದದ್ದು 1974ರ ಆಸುಪಾಸಿನಲ್ಲಿ. ಅಂದರೆ ಹಾಯಿಯ ಕಾಲ ನೋಡಿದ ಅಜ್ಜಂದಿರು ನಿಮ್ಮ ದ್ವೀಪದಲ್ಲಿ ಈಗಲೂ ಇರಬಹುದು. ಸಮಿತಿಗೆ ಅವರಲ್ಲಿ ಒಬ್ಬರನ್ನು ಸೇರಿಸಿಕೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈಗ ವೇಗದ ಲೆಕ್ಕ. ನಿಮ್ಮ ಎಂಟನೇ ಕ್ಲಾಸಿನ ಮಕ್ಕಳೂ ಇದನ್ನು ಮಾಡಬಲ್ಲರು.

ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಬೇಕಾಗುವ ಶಕ್ತಿ, ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ದುಪ್ಪಟ್ಟು ಮಾಡಿದರೆ ಶಕ್ತಿ ಎಂಟು ಪಟ್ಟು ಬೇಕು. ದಾರಿ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ ನಿಜ. ಆದ್ದರಿಂದ ಒಂದು ಟ್ರಿಪ್ಪಿನ ಇಂಧನ ನಾಲ್ಕು ಪಟ್ಟು, ಅಂದರೆ ವೇಗದ ವರ್ಗಕ್ಕೆ ತಕ್ಕಂತೆ. ಇದು ಅಂದಾಜಿನ ನಿಯಮ. ಆದರೆ ಸಾಮಾನ್ಯ ದೋಣಿಗಳಿಗೆ ಚೆನ್ನಾಗಿ ಹೊಂದುತ್ತದೆ.

ನಿಮ್ಮಲ್ಲಿ ಓಡಾಡುವಂಥ ಒಂದು ದೋಣಿ ತೆಗೆದುಕೊಳ್ಳೋಣ. ನೀರಲ್ಲಿ ಕೂರುವ ಉದ್ದ 15 ಮೀಟರ್, ಇಂಜಿನ್ 100 ಎಚ್‌ಪಿ. ಪೂರ್ತಿ ಓಡಿಸಿದರೆ ಗಂಟೆಗೆ ಸುಮಾರು 20 ಲೀಟರ್ ಡೀಸೆಲ್ ಕುಡಿಯುತ್ತದೆ, 9 ನಾಟ್ (ಗಂಟೆಗೆ 9 ನಾಟಿಕಲ್ ಮೈಲಿ, ಅಂದರೆ ಸುಮಾರು 17 ಕಿಲೋಮೀಟರ್) ವೇಗ ಕೊಡುತ್ತದೆ ಅಂದುಕೊಳ್ಳಿ. 30 ನಾಟಿಕಲ್ ಮೈಲಿ ದೂರದ ಅಟೋಲ್ (ಉಂಗುರದ ಹಾಗಿರುವ ಹವಳದ ದ್ವೀಪಗಳ ಗುಂಪು) ರಾಜಧಾನಿಗೆ ಹೋಗಬೇಕು. 9 ನಾಟ್‌ನಲ್ಲಿ 3 ಗಂಟೆ 20 ನಿಮಿಷ, ಸುಮಾರು 67 ಲೀಟರ್. ಅದೇ ದೋಣಿಯನ್ನು 7.5 ನಾಟ್‌ನಲ್ಲಿ ಓಡಿಸಿ. 4 ಗಂಟೆ ಬೇಕು, ಇಂಧನ ಸುಮಾರು 46 ಲೀಟರ್. ನಲವತ್ತು ನಿಮಿಷ ಜಾಸ್ತಿ ಕೊಟ್ಟು ಇಪ್ಪತ್ತು ಲೀಟರ್ ಉಳಿಸಿದಿರಿ. ಹೋಗಿ ಬರುವುದಕ್ಕೆ ನಲವತ್ತು ಲೀಟರ್. ಇದಕ್ಕೆ ಯಾವ ಹೊಸ ಯಂತ್ರವೂ ಬೇಡ, ಯಾರ ಸಹಾಯಧನವೂ ಬೇಡ.

9 ನಾಟ್ ಅನ್ನುವ ಸಂಖ್ಯೆ ಸುಮ್ನೆ ಹೇಳಿದ್ದಲ್ಲ. ಪ್ರತಿ ದೋಣಿಗೂ ಅದರ ಉದ್ದಕ್ಕೆ ತಕ್ಕ ಒಂದು ಮಿತಿ ಇದೆ. ನೀರಲ್ಲಿರುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ವರ್ಗಮೂಲ ಮಾಡಿ, 1.34ರಿಂದ ಗುಣಿಸಿ. 15 ಮೀಟರ್ ಅಂದರೆ 49 ಅಡಿ. ವರ್ಗಮೂಲ 7. ಮಿತಿ ಸುಮಾರು 9.4 ನಾಟ್. ಆ ಮಿತಿಯ ಹತ್ತಿರ ಬಂದಾಗ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತೋಕೆ ಹೆಣಗುತ್ತದೆ. ಮೂತಿ ಮೇಲೆ, ಹಿಂಭಾಗ ಕೆಳಗೆ. ಹಿಂದೆ ದೊಡ್ಡ ಬಿಳಿ ಅಲೆ ಏಳುತ್ತದೆ. ಆ ಅಲೆ ನೋಡೋಕೆ ಚಂದ. ಆದರೆ ಅದು ನೀವು ದುಡ್ಡು ಕೊಟ್ಟು ಕೊಂಡ ಡೀಸೆಲ್ಲು. ಅಲ್ಲಿಂದ ಮುಂದೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಹೊಗೆ ಜಾಸ್ತಿಯಾಗುತ್ತದೆ, ವೇಗ ಜಾಸ್ತಿಯಾಗುವುದಿಲ್ಲ.

ಸ್ಪೀಡ್‌ಬೋಟ್ ಬೇರೆ ಜಾತಿ. ಅದು ನೀರನ್ನು ಸೀಳುವುದಿಲ್ಲ, ಮೇಲೆದ್ದು ಜಾರುತ್ತದೆ. ಅದಕ್ಕೇ 25 ನಾಟ್ ಸಾಧ್ಯ. ಆದರೆ ಎರಡು 200 ಎಚ್‌ಪಿ ಪೆಟ್ರೋಲ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್) ಹಾಕಿಕೊಂಡು ಅದೇ 30 ಮೈಲಿ ಹೋದರೆ ನನ್ನ ಅಂದಾಜಿನಲ್ಲಿ ನೂರು ಲೀಟರ್ ಹತ್ತಿರ ಬೇಕು. ಇಪ್ಪತ್ತು ಜನ ಕೂತರೆ ತಲೆಗೆ ಐದು ಲೀಟರ್. ನಮ್ಮ ದೋಣಿ ಪೂರ್ತಿ ವೇಗದಲ್ಲಿ ಹೋದರೂ ಐವತ್ತು ಜನರಿಗೆ ಹಂಚಿದರೆ ತಲೆಗೆ 1.3 ಲೀಟರ್. ನಿಧಾನಕ್ಕೆ ಹೋದರೆ ಒಂದು ಲೀಟರ್‌ಗಿಂತ ಕಡಿಮೆ.

ಹಾಗಾದರೆ ಜನ ಸ್ಪೀಡ್‌ಬೋಟನ್ನೇ ಯಾಕೆ ಹತ್ತುತ್ತಾರೆ? ಬರೀ ವೇಗಕ್ಕೆ ಅಂತ ನನಗೆ ಅನ್ನಿಸುವುದಿಲ್ಲ. ಫೆರಿ ವಾರಕ್ಕೆ ಎರಡೋ ಮೂರೋ ಸಲ ಬಂದರೆ, ಅದೂ ಯಾವಾಗ ಬರುತ್ತದೆ ಅಂತ ಖಾತ್ರಿ ಇಲ್ಲದಿದ್ದರೆ, ಯಾರು ಕಾಯುತ್ತಾರೆ? ಆಸ್ಪತ್ರೆಗೆ ಹೋದವರು ಅದೇ ದಿನ ವಾಪಸ್ ಬರೋಕೆ ಆಗದೆ ಒಂದು ರಾತ್ರಿ ಗೆಸ್ಟ್‌ಹೌಸ್ ಬಾಡಿಗೆ ಕೊಡಬೇಕಾದರೆ ನಿಧಾನದ ದೋಣಿ ಅಗ್ಗ ಅನ್ನುವುದರಲ್ಲಿ ಅರ್ಥವಿಲ್ಲ. 2022ರಲ್ಲಿ ಉತ್ತರದ ಅಟೋಲ್‌ಗಳಿಂದ ಶುರುವಾದ ರಾಜ್ಜೆ ಟ್ರಾನ್ಸ್‌ಪೋರ್ಟ್ ಲಿಂಕ್ ಅನ್ನುವ ವೇಗದ ಫೆರಿ ಸೇವೆ ಜನರಿಗೆ ಹಿಡಿಸಿದ್ದರಲ್ಲಿ, ಬೋಟು ಜೋರಾಗಿ ಹೋಗುತ್ತದೆ ಅನ್ನುವುದರಷ್ಟೇ, ಹೇಳಿದ ಹೊತ್ತಿಗೆ ಬರುತ್ತದೆ ಅನ್ನುವ ನಂಬಿಕೆಯೂ ಇದೆ ಅಂತ ನಾನು ನೋಡುತ್ತೇನೆ. ಹಾಗಾಗಿ ವೇಗ ಇಳಿಸಿ ಅಂತ ಹೇಳುವ ಮೊದಲು ಟೈಮ್‌ಟೇಬಲ್ ಸರಿ ಮಾಡಿ. ಬೆಳಿಗ್ಗೆ ಆರಕ್ಕೆ ಹೊರಟು ಹತ್ತಕ್ಕೆ ತಲುಪಿ, ಎರಡೂವರೆಗೆ ವಾಪಸ್ ಹೊರಟರೆ ಸಂಜೆ ಆರೂವರೆಗೆ ಮನೆ. ಆಸ್ಪತ್ರೆ, ಬ್ಯಾಂಕು, ಕಚೇರಿ ಕೆಲಸ ಮುಗಿಯುತ್ತದೆ. ನಲವತ್ತು ನಿಮಿಷ ಯಾರಿಗೂ ಭಾರವಾಗುವುದಿಲ್ಲ. ಹೆರಿಗೆ, ಅಪಘಾತ, ಎದೆನೋವು ಅಂದಾಗ ಮಾತ್ರ ಸ್ಪೀಡ್‌ಬೋಟ್. ಅದಕ್ಕೆ ಇಂಧನ ಯಾವತ್ತೂ ಎತ್ತಿಟ್ಟಿರಲೇಬೇಕು. ಅಲ್ಲಿ ಉಳಿತಾಯದ ಮಾತೇ ಬೇಡ.

ಈಗ ತಳದ ವಿಷಯ. ಇದು ನನ್ನ ಕಣ್ಣಾರೆ ಕಂಡದ್ದು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳನ್ನು ದಡಕ್ಕೆ ಎಳೆದು ತಳ ಕೆರೆಯುವುದು, ಬಣ್ಣ ಬಳಿಯುವುದು ಎಲ್ಲ ಆಗಲೇ. ನಾನು ಇಂಜಿನ್ ಕೆಲಸ ಕಲಿಯುತ್ತಿದ್ದ ಹೊಸದರಲ್ಲಿ ಮಲ್ಪೆಯ ಒಬ್ಬ ತಾಂಡೇಲರು (ಬೋಟು ನಡೆಸುವ ಮುಖ್ಯಸ್ಥರು) ಸೀಸನ್ ಪೂರ್ತಿ ಒಂದೇ ಮಾತು ಹೇಳುತ್ತಿದ್ದರು. ‘ಇಂಜಿನ್ ಹಾಳಾಗಿದೆ, ಪಕ್ಕದ ಬೋಟಿಗಿಂತ ಡೀಸೆಲ್ ಜಾಸ್ತಿ ಎಳೆಯುತ್ತದೆ’ ಅಂತ. ಎರಡು ಸಲ ಇಂಜೆಕ್ಟರ್ ಬಿಚ್ಚಿ ನೋಡಿದೆವು. ಏನೂ ತೊಂದರೆ ಇರಲಿಲ್ಲ. ಮಳೆಗಾಲಕ್ಕೆ ಬೋಟು ದಡಕ್ಕೆ ಬಂದಾಗ ತಳ ನೋಡಿದರೆ ಅಂಗೈ ಇಡೋಕೆ ಜಾಗ ಇರಲಿಲ್ಲ. ಬಂಡೆಗೆ ಹತ್ತುವಂಥ ಬಿಳಿ ಚಿಪ್ಪುಗಳು ಒಂದರ ಮೇಲೊಂದು. ಮುಟ್ಟಿದರೆ ಬೆರಳು ಕೊಯ್ಯುವಷ್ಟು ಹರಿತ. ಫ್ಯಾನಿನ ಎಲೆಗಳ ಮೇಲೂ ಅದೇ. ನಮ್ಮ ಕಡೆ ಬೋಟಿನವರು ಪ್ರೊಪೆಲ್ಲರ್‌ಗೆ ಫ್ಯಾನ್ ಅಂತಲೇ ಹೇಳುವುದು. ಒಂದು ಎಲೆಯ ತುದಿ ಎಲ್ಲೋ ತಾಗಿ ಬಗ್ಗಿತ್ತು. ಇಬ್ಬರು ಸೇರಿ ಒಂದೂವರೆ ದಿನ ಕೆರೆದೆವು. ಮುಂದಿನ ಸೀಸನ್‌ನಲ್ಲಿ ಅದೇ ಇಂಜಿನ್ ಬಗ್ಗೆ ತಾಂಡೇಲರು ಒಂದು ಮಾತೂ ಆಡಲಿಲ್ಲ.

ಅಷ್ಟು ದಪ್ಪ ಚಿಪ್ಪು ಬೆಳೆಯುವವರೆಗೆ ಕಾಯಬೇಕಾಗಿಯೂ ಇಲ್ಲ. ಅಂತಾರಾಷ್ಟ್ರೀಯ ಸಾಗರ ಸಂಸ್ಥೆಯ ಒಂದು ವರದಿಯ ಪ್ರಕಾರ, ಹಡಗಿನ ತಳದ ಅರ್ಧ ಭಾಗಕ್ಕೆ ಅರ್ಧ ಮಿಲಿಮೀಟರ್ ದಪ್ಪದ ಲೋಳೆ ಹತ್ತಿದರೂ ಹೊಗೆಯ ಪ್ರಮಾಣ ಐದನೇ ಒಂದು ಭಾಗದಷ್ಟೋ ಅದಕ್ಕಿಂತ ಜಾಸ್ತಿಯೋ ಏರಬಹುದು. ಹೊಗೆ ಏರಿತು ಅಂದರೆ ಇಂಧನ ಏರಿತು ಅಂತಲೇ ಅರ್ಥ. ಬೆಚ್ಚಗಿನ ಲಗೂನ್ (ಹವಳದ ದಿಬ್ಬದ ಒಳಗಿನ ಶಾಂತ ಸಮುದ್ರ) ನೀರಲ್ಲಿ ದೋಣಿ ಕಟ್ಟಿಟ್ಟರೆ ಆ ಲೋಳೆ ಬರೋಕೆ ಕೆಲವೇ ವಾರ ಸಾಕು. ನಿಮ್ಮ ಮಕ್ಕಳು ಈಜುವಾಗ ದೋಣಿಯ ತಳಕ್ಕೆ ಕೈ ಸವರಿ ನೋಡಲಿ. ಕೈ ಜಾರಿದರೆ ಲೋಳೆ ಇದೆ. ಮೆತ್ತನೆಯ ಬಟ್ಟೆಯಲ್ಲೋ ಸ್ಪಂಜಿನಲ್ಲೋ ತಿಂಗಳಿಗೊಮ್ಮೆ ಒರೆಸಿದರೆ ಸಾಕು. ಇಂಜಿನ್ ಪೂರ್ತಿ ಬಂದ್ ಮಾಡಿ, ಕೀಲಿ ಕೈಯಲ್ಲಿ ಹಿಡಿದುಕೊಂಡೇ ಆ ಕೆಲಸಕ್ಕೆ ಇಳಿಯಬೇಕು. ಇನ್ನೊಂದು ಎಚ್ಚರ. ತಳಕ್ಕೆ ಬಳಿಯುವ ಚಿಪ್ಪುನಿರೋಧಕ ಬಣ್ಣದಲ್ಲಿ ವಿಷ ಇರುತ್ತದೆ. ಗಟ್ಟಿಯಾಗಿ ಕೆರೆಯುವ ಕೆಲಸವನ್ನು ಹವಳದ ದಿಬ್ಬದ ಮೇಲೆ ಮಾಡಬೇಡಿ. ದಡಕ್ಕೆ ಎಳೆದು, ಕೆಳಗೆ ಟಾರ್ಪಾಲ್ ಹಾಸಿ, ಕೆರೆದದ್ದನ್ನು ಗುಡಿಸಿ ಚೀಲಕ್ಕೆ ತುಂಬಿಸಿ.

ಫ್ಯಾನ್ ಸರಿ ಇದೆಯಾ ಅಂತ ತಿಳಿಯೋಕೆ ಒಂದು ಸುಲಭದ ಪರೀಕ್ಷೆ ಇದೆ. ದೋಣಿಗೆ ಎಂದಿನ ಹೊರೆ ಹಾಕಿ, ಅಲೆ ಇಲ್ಲದ ಜಾಗದಲ್ಲಿ ಐದು ನಿಮಿಷ ಪೂರ್ತಿ ಆಕ್ಸಿಲರೇಟರ್ ಕೊಡಿ. ಇಂಜಿನ್‌ನ ಪ್ಲೇಟಿನ ಮೇಲೆ ಬರೆದಿರುವ ಆರ್‌ಪಿಎಂ ಮುಟ್ಟಬೇಕು. ಮುಟ್ಟದೆ ಕಪ್ಪು ಹೊಗೆ ಬಂದರೆ ಫ್ಯಾನು ಇಂಜಿನ್‌ಗೆ ಭಾರವಾಗಿದೆ, ಇಲ್ಲವೇ ತಳ ಕೊಳೆಯಾಗಿದೆ. ದಾಟಿ ಮೇಲೆ ಹೋದರೆ ಫ್ಯಾನು ಸಣ್ಣದಾಯಿತು. ದ್ವೀಪಗಳಲ್ಲಿ ಹಳೆ ಇಂಜಿನ್ ತೆಗೆದು ಬೇರೆ ಇಂಜಿನ್ ಕೂರಿಸುವುದು ಜಾಸ್ತಿ. ಆದರೆ ಫ್ಯಾನು ಹಳೆಯದೇ ಉಳಿದಿರುತ್ತದೆ. ಮೂರು ಸಾವಿರ ಗಂಟೆ ಹಾಗೇ ಓಡಿಸಿ ಆಮೇಲೆ ಇಂಜಿನ್ ಕಂಪನಿಯನ್ನು ಬೈಯುತ್ತಾರೆ.

ಅಳತೆ ಹೇಗೆ ಅಂತ ಕೇಳುತ್ತೀರಿ ಅಲ್ವಾ. ಟ್ಯಾಂಕಿಗೆ ಇಳಿಯುವ ಒಂದು ಮರದ ಕೋಲು ತೆಗೆದುಕೊಳ್ಳಿ. ಖಾಲಿ ಟ್ಯಾಂಕಿಗೆ ಹತ್ತತ್ತು ಲೀಟರ್ ಸುರಿಯುತ್ತಾ ಕೋಲಿನ ಮೇಲೆ ಗೀಟು ಹಾಕಿ. ಒಂದು ಸಲ ಮಾಡಿಟ್ಟರೆ ಮುಗಿಯಿತು. ಕೋಲಿಗೆ ನಿಮ್ಮ ಕ್ಲಾಸಿನ ಚಾಕ್ ಉಜ್ಜಿ ಇಳಿಸಿದರೆ ಡೀಸೆಲ್ ಎಲ್ಲಿವರೆಗೆ ಇತ್ತು ಅಂತ ಒದ್ದೆ ಗುರುತು ಸ್ಪಷ್ಟವಾಗಿ ಕಾಣುತ್ತದೆ. ದೋಣಿ ಜಟ್ಟಿಯಲ್ಲಿ ನಿಶ್ಚಲವಾಗಿದ್ದಾಗಲೇ ನೋಡಬೇಕು. ಹೊರಡುವಾಗ ಒಂದು ಸಲ, ಬಂದ ಮೇಲೆ ಒಂದು ಸಲ. ನೋಟ್‌ಬುಕ್‌ನಲ್ಲಿ ತಾರೀಕು, ಲೀಟರ್, ಮೈಲಿ, ಆರ್‌ಪಿಎಂ, ಎಷ್ಟು ಜನ, ಎಷ್ಟು ಸರಕು, ಗಾಳಿ ಯಾವ ಕಡೆಯದು. ಮೂರು ತಿಂಗಳಾದರೆ ಪ್ರತಿ ಮೈಲಿಗೆ ಎಷ್ಟು ಲೀಟರ್ ಅನ್ನುವುದು ಕೈಗೆ ಸಿಗುತ್ತದೆ. ಮಕ್ಕಳ ಕೈಯಲ್ಲಿ ಗ್ರಾಫ್ ಹಾಕಿಸಿ. ಘನ, ವರ್ಗ ಅಂತ ಬೋರ್ಡಿನ ಮೇಲೆ ಬರೆದದ್ದು ತಮ್ಮ ಅಪ್ಪನ ದೋಣಿಯಲ್ಲಿ ಕಂಡರೆ ಅದು ಅವರಿಗೆ ಮರೆಯುವುದಿಲ್ಲ.

ದೋಣಿ ನಡೆಸುವವರನ್ನು ಮೊದಲೇ ಒಪ್ಪಿಸಿಕೊಳ್ಳಿ. ಅವರಿಗೆ ಅಳತೆ ಅಂದರೆ ಕಳ್ಳತನ ಹಿಡಿಯೋಕೆ ಬಂದರು ಅನ್ನಿಸಬಹುದು. ಉಳಿದ ಡೀಸೆಲ್ಲಿನ ದುಡ್ಡಿನಲ್ಲಿ ಒಂದು ಪಾಲು ಅವರಿಗೇ ಅಂತ ಮೊದಲ ದಿನವೇ ಬರೆದು ಕೊಡಿ. ಇದನ್ನು ಬಿಟ್ಟು ಮಾಡಿದ ಯಾವ ಯೋಜನೆಯೂ ನಿಂತದ್ದನ್ನು ನಾನು ನೋಡಿಲ್ಲ.

ಮೂರನೆಯದು ಹೊರೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ತರಕಾರಿ, ದಿನಸಿ, ಕಲ್ಲು, ಜಲ್ಲಿ ಹೊತ್ತು ಹೋಗುವ ಮಂಜಿಗಳನ್ನು ನೀವೂ ನೋಡಿರಬಹುದು. ಹೋಗುವಾಗ ನೀರಿನ ಅಂಚಿನವರೆಗೆ ತುಂಬಿರುತ್ತವೆ. ಬರುವಾಗ ಖಾಲಿ, ಹೆಚ್ಚೆಂದರೆ ಸ್ವಲ್ಪ ತೆಂಗಿನಕಾಯಿ. ನಿಮ್ಮಲ್ಲೂ ಇದೇ ಕಥೆ. ಖಾಲಿ ವಾಪಸ್ ಬರುವ ದೋಣಿಯೂ ಡೀಸೆಲ್ ಕುಡಿಯುತ್ತದೆ. ಅಂಗಡಿಯವರು ಮೂವರು ಮೂರು ದಿನ ಮೂರು ದೋಣಿಯಲ್ಲಿ ಅರ್ಧರ್ಧ ಸರಕು ತರಿಸುವ ಬದಲು ವಾರಕ್ಕೆ ಒಂದೇ ದೋಣಿ ತುಂಬಿ ತರಿಸಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ಮತ್ತೆ, ಏನು ತರಿಸುತ್ತೇವೆ ಅಂತಲೂ ನೋಡಬೇಕು. ಬಾಟಲಿ ನೀರು ದೊಡ್ಡ ಹೊರೆ. ಸಾವಿರ ಲೀಟರ್ ನೀರು ಅಂದರೆ ಒಂದು ಟನ್. ದ್ವೀಪದಲ್ಲೇ ಉಪ್ಪುನೀರು ಶುದ್ಧ ಮಾಡುವ ಘಟಕ ಇದ್ದು, ಮಳೆನೀರಿನ ಟ್ಯಾಂಕ್ ಇದ್ದು, ಮತ್ತೆ ಬಾಟಲಿ ತರಿಸುವುದು ಯಾಕೆ? ತುಂಬಿಸಿಕೊಳ್ಳುವ ಒಂದು ನಲ್ಲಿ ಜಟ್ಟಿಯ ಹತ್ತಿರ ಹಾಕಿಸಿ. ಖಾಲಿ ಬಾಟಲಿಗಳ ಕಸವನ್ನು ವಾಪಸ್ ಸಾಗಿಸುವ ಹೊರೆಯೂ ತಪ್ಪುತ್ತದೆ.

ಈಗ ನೀವು ಕೇಳಿದ ಎಲೆಕ್ಟ್ರಿಕ್ ವಿಷಯಕ್ಕೆ ಬರೋಣ. ಇಲ್ಲಿ ಒಂದೇ ಪ್ಲಗ್ಗಿಗೆ ಎರಡು ಉತ್ತರ ಇದೆ.

ನಿಮ್ಮ ದ್ವೀಪದ ಕರೆಂಟು ಡೀಸೆಲ್ ಜನರೇಟರಿನದು. ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 3.3 ಯೂನಿಟ್ ಬರುತ್ತದೆ ಅಂತ ಇಟ್ಟುಕೊಳ್ಳಿ. ವೈರಿನಲ್ಲಿ ಸ್ವಲ್ಪ ಹೋಗಿ ಪ್ಲಗ್ಗಿಗೆ 3 ಯೂನಿಟ್. ಎಲೆಕ್ಟ್ರಿಕ್ ಸ್ಕೂಟರ್ 3 ಯೂನಿಟ್‌ನಲ್ಲಿ ಸುಮಾರು 100 ಕಿಲೋಮೀಟರ್ ಹೋಗುತ್ತದೆ. ಪೆಟ್ರೋಲ್ ಸ್ಕೂಟರ್ ಒಂದು ಲೀಟರ್‌ಗೆ 45. ಅಂದರೆ ಕರೆಂಟು ಪೂರ್ತಿ ಡೀಸೆಲ್ಲಿನದಾದರೂ ಸ್ಕೂಟರ್ ಎಲೆಕ್ಟ್ರಿಕ್ ಮಾಡಿದರೆ ಅರ್ಧಕ್ಕಿಂತ ಜಾಸ್ತಿ ಉಳಿತಾಯ. ಸಣ್ಣ ಪೆಟ್ರೋಲ್ ಇಂಜಿನ್ ತನಗೆ ಹಾಕಿದ ಶಕ್ತಿಯ ಬಹುಪಾಲನ್ನು ಬಿಸಿಯಾಗಿ ಕಳೆಯುತ್ತದೆ. ಅದೇ ಕಾರಣ.

ಡೀಸೆಲ್ ದೋಣಿಯ ಲೆಕ್ಕ ತಿರುಗುಮುರುಗು. ಒಳ್ಳೆಯ ಡೀಸೆಲ್ ಇಂಜಿನ್ ಒಂದು ಲೀಟರಿನಿಂದ ಶಾಫ್ಟಿಗೆ ಸುಮಾರು 3.7 ಯೂನಿಟ್‌ನಷ್ಟು ಕೆಲಸ ಕೊಡುತ್ತದೆ. ಅದೇ ಲೀಟರನ್ನು ಪವರ್‌ಹೌಸ್‌ನಲ್ಲಿ ಸುಟ್ಟು, ವೈರಿನಲ್ಲಿ ತಂದು, ಬ್ಯಾಟರಿಗೆ ತುಂಬಿ, ಮೋಟಾರಿಗೆ ಕೊಟ್ಟರೆ ಶಾಫ್ಟಿಗೆ ಸಿಗುವುದು ಎರಡೂವರೆ ಯೂನಿಟ್. ಅಂದರೆ ಡೀಸೆಲ್ ಕರೆಂಟಿನಲ್ಲಿ ಚಾರ್ಜ್ ಮಾಡಿದ ಎಲೆಕ್ಟ್ರಿಕ್ ದೋಣಿ, ಡೀಸೆಲ್ ದೋಣಿಗಿಂತ ಜಾಸ್ತಿ ಡೀಸೆಲ್ ತಿನ್ನುತ್ತದೆ! ಹೊಗೆ ಕಾಣುವುದಿಲ್ಲ, ಅಷ್ಟೇ. ಪವರ್‌ಹೌಸ್‌ಗೆ ಸೋಲಾರ್ ಬಂದು, ಹಗಲು ಹನ್ನೊಂದರಿಂದ ಎರಡರವರೆಗೆ ಕರೆಂಟು ಮಿಗುವ ಸ್ಥಿತಿ ಬಂದಾಗ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಿಂದ 2014ರಿಂದ ಹೊರ ದ್ವೀಪಗಳ ಪವರ್‌ಹೌಸ್‌ಗಳಿಗೆ ಸೋಲಾರ್, ಬ್ಯಾಟರಿ ಜೋಡಿಸುವ ಕೆಲಸ ನಡೆದಿದೆ. ನಿಮ್ಮ ದ್ವೀಪದ ಪವರ್‌ಹೌಸ್‌ನವರನ್ನು ಕೇಳಿ. ಒಂದು ಲೀಟರಿಗೆ ಎಷ್ಟು ಯೂನಿಟ್ ತೆಗೆಯುತ್ತಾರೆ, ಮಧ್ಯಾಹ್ನ ಸೋಲಾರ್ ಪಾಲು ಎಷ್ಟು, ಈ ಎರಡು ಸಂಖ್ಯೆ ಸಾಕು.

ಇನ್ನು ಬ್ಯಾಟರಿಯ ಭಾರ. ಆ 30 ಮೈಲಿಯ ಟ್ರಿಪ್ಪಿಗೆ, 7.5 ನಾಟ್‌ನಲ್ಲಿ ಹೋದರೂ ಸುಮಾರು 170 ಯೂನಿಟ್ ಬೇಕು. ಸಮುದ್ರದಲ್ಲಿ ಮೀಸಲು ಇಲ್ಲದೆ ಹೊರಡುವಂತಿಲ್ಲ. 250 ಯೂನಿಟ್ ಅಂದುಕೊಂಡರೆ ಬ್ಯಾಟರಿ ಸುಮಾರು ಎರಡು ಟನ್. ಅದೇ ಟ್ರಿಪ್ಪಿನ ಡೀಸೆಲ್ ನಲವತ್ತು ಕೆಜಿಗಿಂತ ಕಡಿಮೆ. ಚಾವಣಿಯ ಮೇಲೆ 8 ಕಿಲೋವ್ಯಾಟ್ ಸೋಲಾರ್ ಹಾಕಿದರೂ ದಿನಕ್ಕೆ ಬರುವುದು ಮೂವತ್ತು ಚಿಲ್ಲರೆ ಯೂನಿಟ್. ಒಂದು ಕಡೆಯ ಪ್ರಯಾಣದ ಐದನೇ ಒಂದು ಭಾಗಕ್ಕೂ ಸಾಲದು.

ಆದರೆ ಎರಡು ಕಿಲೋಮೀಟರ್ ಲಗೂನ್ ದಾಟುವ ದೋಣಿ ತೆಗೆದುಕೊಳ್ಳಿ. 6 ನಾಟ್‌ನಲ್ಲಿ ಹನ್ನೊಂದು ನಿಮಿಷ, ಸುಮಾರು 4 ಯೂನಿಟ್. ಅದೇ ಚಾವಣಿಯ ಬಿಸಿಲು ದಿನಕ್ಕೆ ಏಳೆಂಟು ಸಲ ದಾಟಿಸುತ್ತದೆ. ಉಳಿದದ್ದಕ್ಕೆ ಸಣ್ಣ ಬ್ಯಾಟರಿ ಸಾಕು. ಮಾಲೆಯಿಂದ ವಿಲ್ಲಿಮಾಲೆಗೆ ಹೋಗುವಂಥ ಸಣ್ಣ ದಾರಿಗಳಿಗೆ ಇದು ಹೇಳಿ ಮಾಡಿಸಿದ್ದು.

ಇದು ಬರೀ ಕಾಗದದ ಲೆಕ್ಕ ಅಲ್ಲ. ಕೇರಳದ ವೈಕಂನಿಂದ ತವಣಕ್ಕಡವಿಗೆ 2017ರ ಜನವರಿಯಿಂದ ‘ಆದಿತ್ಯ’ ಅನ್ನುವ ಸೋಲಾರ್ ಫೆರಿ ಓಡುತ್ತಿದೆ. 75 ಜನ ಕೂರುತ್ತಾರೆ. ಮಾಡಿನ ಮೇಲೆ 20 ಕಿಲೋವ್ಯಾಟ್ ಸೋಲಾರ್, ಒಳಗೆ 50 ಯೂನಿಟ್ ಬ್ಯಾಟರಿ. ಗರಿಷ್ಠ ವೇಗ 7.5 ನಾಟ್. ಊರಿಗೆ ರಜೆಯಲ್ಲಿ ಬಂದಾಗ ಒಂದು ಸಲ ಹತ್ತಿ ಬನ್ನಿ. ಅಲ್ಲಿ ಸೋಲಾರ್ ಪ್ಯಾನೆಲ್ ನೋಡುವುದಕ್ಕಿಂತ ಕೆಳಗೆ ಬಗ್ಗಿ ತಳ ನೋಡಿ. ಒಂದು ಅಗಲ ಹೊಟ್ಟೆಯ ಬದಲು ಎರಡು ತೆಳ್ಳನೆಯ, ಹಗುರ ಹೊಟ್ಟೆಗಳು. ಅಲೆ ಕಡಿಮೆ ಎಬ್ಬಿಸುತ್ತದೆ. ನೀರಿನಲ್ಲಿ ಕಡಿಮೆ ಶಕ್ತಿ ಸಾಕಾಗುವಂತೆ ದೋಣಿಯನ್ನು ಮೊದಲು ಕಟ್ಟಿದ್ದರಿಂದಲೇ ಅಷ್ಟು ಸಣ್ಣ ಬ್ಯಾಟರಿಯಲ್ಲಿ ಕೆಲಸ ನಡೆಯುತ್ತಿದೆ. ನಿಮ್ಮ ಹಳೆ ದೋಣಿಯ ಇಂಜಿನ್ ಕಿತ್ತು ಮೋಟಾರು ಕೂರಿಸುತ್ತೇವೆ ಅಂತ ಯಾರಾದರೂ ಬಂದರೆ ಈ ಮಾತು ನೆನಪಿಡಿ. 2023ರ ಏಪ್ರಿಲ್‌ನಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೋದ ಬೋಟುಗಳೂ ಜೋಡಿ ಹೊಟ್ಟೆಯವೇ.

ದ್ವೀಪದೊಳಗಿನ ಓಡಾಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೂವರೆ ಕಿಲೋಮೀಟರ್ ಉದ್ದ, ಏರು ಇಲ್ಲ ಇಳಿಜಾರು ಇಲ್ಲ. ದೇಶದಲ್ಲೇ ಅತಿ ಎತ್ತರದ ಸಹಜ ನೆಲ ಎರಡೂವರೆ ಮೀಟರ್ ಆಸುಪಾಸು. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಊರು ಸಿಗುವುದಿಲ್ಲ. ಸಾಮಾನು ಹೊರಲು ಒಂದೆರಡು ಎಲೆಕ್ಟ್ರಿಕ್ ಮೂರು ಚಕ್ರದ ಗಾಡಿ ಕೌನ್ಸಿಲ್‌ನದ್ದೇ ಇರಲಿ. ಉಪ್ಪು ಗಾಳಿಗೆ ಕನೆಕ್ಟರ್‌ಗಳು ಬೇಗ ಹಸಿರುಗಟ್ಟುತ್ತವೆ. ಕೊಳ್ಳುವಾಗಲೇ ರಿಪೇರಿ ಮಾಡುವವರು ಯಾರು, ಹಳೆ ಬ್ಯಾಟರಿ ವಾಪಸ್ ತೆಗೆದುಕೊಳ್ಳುವವರು ಯಾರು ಅಂತ ಬರೆಸಿಕೊಳ್ಳಿ.

ಈಗ ಆ ಅಜ್ಜನ ವಿಷಯ. ಹಾಯಿಯನ್ನು ಹಳೆ ಕಾಲದ್ದು ಅಂತ ಬಿಡಬೇಡಿ. ಪೆಸಿಫಿಕ್‌ನ ಮಾರ್ಷಲ್ ದ್ವೀಪಗಳು ನಿಮ್ಮ ಹಾಗೇ ಹವಳದ ದ್ವೀಪಗಳು. 29 ಅಟೋಲ್, 5 ಬಿಡಿ ದ್ವೀಪ. ಅಲ್ಲಿ 2024ರಲ್ಲಿ ‘ಜುರೆನ್ ಎ’ ಅನ್ನುವ 48 ಮೀಟರ್ ಉದ್ದದ ಸರಕು ಹಡಗು ಸೇವೆಗೆ ಬಂತು. ಜರ್ಮನಿಯ ನೆರವು, ಕಟ್ಟಿದ್ದು ದಕ್ಷಿಣ ಕೊರಿಯಾದಲ್ಲಿ. ಹಾಯಿ ಮುಖ್ಯ, ಇಂಜಿನ್ ಬೇಕಾದಾಗ. ಹಳೆ ಹಡಗಿಗಿಂತ ಇಂಧನ ಶೇ. 80ರವರೆಗೆ ಕಡಿಮೆ ಮಾಡುವ ಗುರಿ ಇಟ್ಟುಕೊಂಡು ರೂಪಿಸಿದ್ದು. ಇದಕ್ಕೂ ಮೊದಲು, 1980ರ ದಶಕದಲ್ಲಿ ತೈಲ ತುಟ್ಟಿಯಾದಾಗ, ಫಿಜಿಯಲ್ಲಿ ಒಂದು ಸರ್ಕಾರಿ ಹಡಗಿಗೆ ಸಹಾಯಕ ಹಾಯಿ ಕಟ್ಟಿ ನೋಡಿದ್ದರು. ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ ಇಂಧನ ಉಳಿಯಿತು. 1986ರಲ್ಲಿ ತೈಲದ ಬೆಲೆ ಕುಸಿಯಿತು. ಅದರ ಜೊತೆ ಹಾಯಿಯ ಮೇಲಿನ ಆಸಕ್ತಿಯೂ ಹೋಯಿತು. ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅವತ್ತು ಮುಂದುವರಿಸಿದ್ದರೆ ಈ ಹೊತ್ತಿಗೆ ಮೂರು ತಲೆಮಾರಿನ ಹಡಗು ಕಟ್ಟಿದ ಅನುಭವ ಆ ದ್ವೀಪಗಳ ಕೈಯಲ್ಲಿರುತ್ತಿತ್ತು.

ನಿಮ್ಮಲ್ಲಿ ಇರುವೈ ಅನ್ನುವ ಮಾರುತದ ತಿಂಗಳುಗಳಲ್ಲಿ ಈಶಾನ್ಯದ ಗಾಳಿ, ಹುಳಂಗು ಅನ್ನುವ ಮಾರುತದ ತಿಂಗಳುಗಳಲ್ಲಿ ಪಡುಗಾಳಿ. ನಿಮ್ಮ ಸರಕು ದೋಣಿಯ ದಾರಿಗೆ ಯಾವ ತಿಂಗಳಲ್ಲಿ ಗಾಳಿ ಬದಿಯಿಂದ ಬರುತ್ತದೆ ಅನ್ನುವುದು ಆ ಅಜ್ಜನಿಗೆ ಬಾಯಿಪಾಠ ಇರುತ್ತದೆ. ಸಣ್ಣ ಹಾಯಿಯೊಂದು ಆ ತಿಂಗಳುಗಳಲ್ಲಾದರೂ ಇಂಜಿನ್‌ನ ಭಾರ ಇಳಿಸಬಹುದಾ ಅಂತ ಅವರನ್ನು ಕೇಳಿ ನೋಡಿ. ಪ್ರಯಾಣಿಕರ ದೋಣಿಗೆ ನಾನು ಹೇಳುತ್ತಿಲ್ಲ. ದೋಣಿ ಎಷ್ಟು ವಾಲಿದರೆ ಅಪಾಯ ಅನ್ನುವ ಲೆಕ್ಕವನ್ನು ನೌಕಾ ಇಂಜಿನಿಯರ್ ಹತ್ತಿರ ಮಾಡಿಸದೆ ಕಂಬ ನಿಲ್ಲಿಸುವುದೂ ಬೇಡ.

ಇನ್ನು ಆ ದುಡ್ಡು. ಅಳತೆ ಮುಗಿದ ಮೇಲೆ ನನ್ನ ಪ್ರಕಾರ ಮೊದಲ ಪಾಲು ದೋಣಿ ಎಳೆಯುವ ಒಂದು ಒಳ್ಳೆಯ ಇಳಿಜಾರು ಮತ್ತು ವಿಂಚ್‌ಗೆ (ಹಗ್ಗ ಸುತ್ತಿ ಎಳೆಯುವ ಯಂತ್ರ) ಹೋಗಬೇಕು. ಅದು ಇದ್ದರೆ ದ್ವೀಪದ ಪ್ರತಿ ದೋಣಿಯ ತಳವೂ ಚೊಕ್ಕ ಇರುತ್ತದೆ. ಆಮೇಲೆ ಸರಿಯಾದ ಫ್ಯಾನ್‌ಗಳು. ಹಳೆ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಇದ್ದರೆ ಅದರ ಜಾಗಕ್ಕೆ ಫೋರ್-ಸ್ಟ್ರೋಕ್, ಮೂರನೇ ಒಂದು ಭಾಗ ಪೆಟ್ರೋಲ್ ಉಳಿಯುತ್ತದೆ. ಮೂರು ಚಕ್ರದ ಎಲೆಕ್ಟ್ರಿಕ್ ಗಾಡಿಯನ್ನು ಈ ವರ್ಷವೇ ತರಿಸಬಹುದು. ಪಕ್ಕದ ದ್ವೀಪ ಐದು ಕಿಲೋಮೀಟರ್ ಒಳಗಿದ್ದು, ಮಧ್ಯ ಲಗೂನ್ ನೀರೇ ಇದ್ದು, ಪವರ್‌ಹೌಸ್‌ನಲ್ಲಿ ಹಗಲು ಸೋಲಾರ್ ಮಿಗುತ್ತಿದ್ದರೆ, ಆಗ ಎರಡೂ ದ್ವೀಪದವರು ಸೇರಿ ಜೋಡಿ ಹೊಟ್ಟೆಯ ಒಂದು ಎಲೆಕ್ಟ್ರಿಕ್ ಫೆರಿಗೆ ಅರ್ಜಿ ಹಾಕಿ. ಆಗ ನಿಮ್ಮ ಕೈಯಲ್ಲಿ ಮೂರು ತಿಂಗಳ ಲೆಕ್ಕ ಇರುತ್ತದೆ. ನೆರವು ಕೊಡುವವರು ಮೊದಲು ಕೇಳುವುದೂ ಅದನ್ನೇ.

ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ದೋಣಿ ದಡಕ್ಕೆ ಬಂದಾಗ ಫ್ಯಾನಿನ ಮಧ್ಯದ ಗುಬುಟಿನ ಮೇಲೆ ಎರಡು ಸಂಖ್ಯೆ ಕೊರೆದಿರುತ್ತದೆ. ಮೊದಲನೆಯದು ಅಡ್ಡಳತೆ, ಎರಡನೆಯದು ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಸಾಗಬೇಕು ಅನ್ನುವುದು. ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಕಾಣುತ್ತದೆ. ಆ ಎರಡು ಸಂಖ್ಯೆ, ಗೇರ್‌ಬಾಕ್ಸ್ ಪ್ಲೇಟಿನ ಮೇಲಿನ ಅನುಪಾತ, ಪೂರ್ತಿ ಆಕ್ಸಿಲರೇಟರ್‌ನಲ್ಲಿ ಮುಟ್ಟಿದ ಆರ್‌ಪಿಎಂ, ದೋಣಿಯ ಉದ್ದ. ಇಷ್ಟನ್ನು ಬರೆದು ಕಳಿಸಿ. ಫ್ಯಾನು ಸರಿ ಇದೆಯಾ ಇಲ್ವಾ ಅಂತ ನಾನು ಲೆಕ್ಕ ಹಾಕಿ ಹೇಳುತ್ತೇನೆ.